ನೆರೆ ಬಂದಾಗ ಲೆಕ್ಕ ಹಿಡಿಯುವವರು ಯಾರು?

ಮಳೆಗಾಲಕ್ಕೆ ಮುಂಚೆ ಬೆಳೆಗಾರನು ಮಾಡಿಕೊಳ್ಳುವ ಸಿದ್ಧತೆಗಳು ಒಂದೆರಡಲ್ಲ. ಕಾಫಿ ತೋಟದಲ್ಲಿ ಮರಗಸಿ ಮುಗಿಯಬೇಕು, ಚರಂಡಿ ಬಿಡಿಸಬೇಕು, ಗೊಬ್ಬರ ಹಾಕಿ ಆಗಬೇಕು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯಬೇಕು, ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ತಂದಿಡಬೇಕು, ಔಷಧಿ ಹೊಡೆಯುವ ಕೊನೆಗಾರನಿಗೆ ಮುಂಗಡ ಕೊಟ್ಟು ಗೊತ್ತು ಮಾಡಿಕೊಳ್ಳಬೇಕು. ಮನೆಗೆ ಒಣ ಸೌದೆ, ದನಕ್ಕೆ ಹುಲ್ಲು ಒಟ್ಟಿಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ವರ್ಷ ಎಷ್ಟು ಪೇಚಾಟ ಎಂಬುದು ನಮ್ಮ ಓದುಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಆದರೆ ಅದೇ ಮಳೆ ಹೊಳೆಯನ್ನು ಉಕ್ಕಿಸಿ, ಗುಡ್ಡವನ್ನು ಜರಿಸಿ, ಊರಿನ ಅರ್ಧ ಜನರನ್ನು ಶಾಲೆಯ ಜಗಲಿಗೆ ತಂದು ಕೂರಿಸಿದಾಗ ಯಾರು ಏನು ಮಾಡಬೇಕು ಎಂಬ ಸಿದ್ಧತೆ ಮಾತ್ರ ನಮ್ಮಲ್ಲಿ ಕಾಣುವುದಿಲ್ಲ. ಆ ದಿನ ಬಂದಾಗ ನೋಡಿಕೊಳ್ಳೋಣ ಎಂಬ ಧೋರಣೆ. ಆ ದಿನ ಬಂದಾಗ ಎಲ್ಲರೂ ಓಡುತ್ತಾರೆ, ಎಲ್ಲರೂ ಕೊಡುತ್ತಾರೆ. ಯಾರೂ ಬರೆದುಕೊಳ್ಳುವುದಿಲ್ಲ.

ನೆರೆ ಪರಿಹಾರದಲ್ಲಿ ಕೊರತೆ ಬೀಳುವುದು ಸಾಮಾನಿಗೂ ಅಲ್ಲ, ಜನರ ಒಳ್ಳೆಯ ಮನಸ್ಸಿಗೂ ಅಲ್ಲ. ಬಂದದ್ದನ್ನು ಎಣಿಸಿ, ಬೇಕಾದದ್ದನ್ನು ಕೇಳಿ ತಿಳಿದು, ಇಲ್ಲಿಂದ ಅಲ್ಲಿಗೆ ಮುಟ್ಟಿಸುವ, ಹೊತ್ತಿಗೆ ಸರಿಯಾಗಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲುವ ವ್ಯವಸ್ಥೆಗೆ ಕೊರತೆ. ತೋಟದ ಊರುಗಳಲ್ಲಿ ಆ ವ್ಯವಸ್ಥೆಯನ್ನು ನಡೆಸಲು ಸಹಕಾರ ಸಂಘದಷ್ಟು ತಕ್ಕ ಸಂಸ್ಥೆ ಬೇರೊಂದಿಲ್ಲ ಎಂಬುದು ಈ ಲೇಖನದ ಅಭಿಪ್ರಾಯ. ಸದಸ್ಯರು ಇದನ್ನು ಒಪ್ಪಲಿ, ಬಿಡಲಿ, ಮಳೆಗೆ ಮುಂಚೆ ಚರ್ಚಿಸಬೇಕೆಂಬುದು ವಿನಂತಿ.

೨೦೧೮ ಕಲಿಸಿದ ಪಾಠ

೨೦೧೮ರ ಆಗಸ್ಟ್ ತಿಂಗಳಲ್ಲಿ, ಆಶ್ಲೇಷಾ ಮಳೆ ಮುಗಿಯುವ ಹೊತ್ತಿಗೆ, ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಮುಂತಾದ ಕಡೆ ಗುಡ್ಡಗಳು ಜರಿದವು. ತೋಟಗಳು ಮನೆಗಳ ಸಮೇತ ಕೆಳಗಿಳಿದವು. ಮಡಿಕೇರಿ-ಸಂಪಾಜೆ ಹೆದ್ದಾರಿ ಕಡಿದುಹೋಯಿತು. ಶಿರಾಡಿ ಘಾಟಿಯೂ ಮುಚ್ಚಿತು. ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗದ ಮೇಲೆ ಮಣ್ಣು ಬಿದ್ದು ವಾರಗಟ್ಟಲೆ ಗಾಡಿ ಓಡಲಿಲ್ಲ. ಕರಾವಳಿಗೂ ಮಲೆನಾಡಿಗೂ ನಡುವಿನ ದಾರಿಗಳು ಒಂದರ ಹಿಂದೊಂದು ಮುಚ್ಚಿಕೊಂಡರೆ ಎಷ್ಟು ದೊಡ್ಡ ಉಗ್ರಾಣವಿದ್ದರೂ ಪ್ರಯೋಜನವೇನು ಎಂಬುದು ಆಗ ತಿಳಿಯಿತು.

ಜೋಡುಪಾಲದ ಕಡೆಯ ಜನ ಮಡಿಕೇರಿಗೆ ಹತ್ತಲಾರದೆ ಕೆಳಗಿಳಿದರು. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳ ಶಿಬಿರಗಳಲ್ಲಿ ಆಶ್ರಯ ಪಡೆದರು. ಇವರ ರೇಷನ್ ಕಾರ್ಡು, ಪಹಣಿ, ತಹಸೀಲ್ದಾರರ ಕಚೇರಿ ಎಲ್ಲವೂ ಕೊಡಗಿನಲ್ಲಿ. ಇವರಿಗೆ ಅನ್ನ ಹಾಕಿದ ಶಿಬಿರಗಳು ದಕ್ಷಿಣ ಕನ್ನಡದ ಕಡೆಯಲ್ಲಿ. ಆಡಳಿತದ ಗಡಿ ಒಂದು ರೀತಿ ಇರುತ್ತದೆ, ಮುರಿದ ರಸ್ತೆ ಎಳೆಯುವ ಗಡಿ ಇನ್ನೊಂದು ರೀತಿ. ಕಷ್ಟಕಾಲದಲ್ಲಿ ಎರಡನೆಯದೇ ನಿಜವಾದ ಗಡಿ. ನಮ್ಮ ಊರಿನ ಸೇತುವೆ ಹೋದರೆ ನಾವು ಯಾವ ಕಡೆಗೆ ಸೇರಿದವರಾಗುತ್ತೇವೆ, ನಮ್ಮ ಹೆಸರು ಯಾರ ಪುಸ್ತಕದಲ್ಲಿರುತ್ತದೆ ಎಂದು ಪ್ರತಿಯೊಬ್ಬ ಬೆಳೆಗಾರನೂ ಈಗಲೇ ಯೋಚಿಸಬೇಕು.

ಅದೇ ವಾರ ನೆರೆಯ ಕೇರಳದಲ್ಲಿ ಆದದ್ದು ಇನ್ನೂ ದೊಡ್ಡದು. ಜೂನ್ ೧ರಿಂದ ಆಗಸ್ಟ್ ೧೯ರವರೆಗೆ ವಾಡಿಕೆಯಂತೆ ಬೀಳಬೇಕಾದ ಮಳೆ ಸುಮಾರು ೬೫ ಇಂಚು. ಬಿದ್ದದ್ದು ಸುಮಾರು ೯೨ ಇಂಚು. ರಾಜ್ಯದ ೧,೬೬೪ ಗ್ರಾಮಗಳಲ್ಲಿ ೧,೨೫೯ ಗ್ರಾಮಗಳಿಗೆ ಪೆಟ್ಟು ತಗಲಿತು. ಸುಮಾರು ೧೪ ಲಕ್ಷ ಜನ ಮನೆ ಬಿಟ್ಟರು. ಇಷ್ಟು ಜನರಿಗೆ ನೀರು, ಅನ್ನ, ಹೊದಿಕೆ, ಔಷಧಿ ಒದಗಿಸುವುದೆಂದರೆ ಒಂದು ದೊಡ್ಡ ನಗರವನ್ನು ನಾಲ್ಕು ದಿನದಲ್ಲಿ ಕಟ್ಟಿ ನಡೆಸಿದಂತೆ.

ಅಲ್ಲಿ ಮೀನುಗಾರರು ಮಾಡಿದ ಸಹಾಯವನ್ನು ದೇಶವೆಲ್ಲ ಕೊಂಡಾಡಿತು. ೬೬೯ ದೋಣಿಗಳಲ್ಲಿ ೪,೫೩೭ ಮೀನುಗಾರರು ಹೊರಟು ಕಡಿಮೆಯೆಂದರೂ ೬೫,೦೦೦ ಜನರನ್ನು ನೀರಿನಿಂದ ಎತ್ತಿದರು. ಅವರ ಧೈರ್ಯಕ್ಕೆ ನಮಸ್ಕಾರ. ಆದರೆ ಧೈರ್ಯದ ಹಿಂದೆ ನಡೆದ ಇನ್ನೊಂದು ಕೆಲಸವನ್ನು ಬಹಳ ಜನ ಗಮನಿಸಲಿಲ್ಲ. ಕಡಲ ದೋಣಿ ತಾನಾಗಿ ಚೆಂಗನ್ನೂರಿಗೆ ಬರಲಿಲ್ಲ. ಅದನ್ನು ಲಾರಿಯ ಮೇಲೆ ಏರಿಸಿ ತರಬೇಕಾಯಿತು. ಲಾರಿ ಗೊತ್ತು ಮಾಡಬೇಕು, ಏರಿಸಲು ಆಳು ಬೇಕು, ಯಾವ ದಾರಿ ತೆರೆದಿದೆ ಎಂದು ತಿಳಿದಿರಬೇಕು, ಇಳಿಸುವ ಜಾಗ ಹೇಳಬೇಕು, ಇಂಧನ ತಲುಪಿಸಬೇಕು. ದೋಣಿಯಲ್ಲಿ ಆ ಊರಿನ ಒಬ್ಬ ಕೂತು ‘ಇಲ್ಲಿ ಕಾಂಪೌಂಡು ಇದೆ, ಅಲ್ಲಿ ಬಾವಿ ಇದೆ, ಆ ಮಹಡಿಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ’ ಎಂದು ತೋರಿಸಬೇಕು. ಇಂಧನದ ಜೊತೆಗೆ ದೋಣಿಗೆ ದಿನಕ್ಕೆ ೩,೦೦೦ ರೂಪಾಯಿ ಕೊಡುವುದಾಗಿಯೂ, ಒಡೆದ ದೋಣಿಯ ದುರಸ್ತಿಯ ಹೊಣೆ ಹೊರುವುದಾಗಿಯೂ ಅಲ್ಲಿನ ಸರಕಾರ ಹೇಳಿತು. ಕೆಲವರು ಆ ಹಣ ಬೇಡವೆಂದರು. ಅದು ಅವರ ದೊಡ್ಡತನ. ಆದರೆ ದುಡಿಯುವವನ ಬದುಕಿನ ಸಾಧನವನ್ನು ಎರವಲು ಪಡೆಯುವಾಗ ಅದರ ಹೊಣೆಯನ್ನೂ ಹೊರಬೇಕೆಂಬ ನ್ಯಾಯವನ್ನು ಮರೆಯಬಾರದು. ನಾಳೆ ನಿಮ್ಮ ಜೀಪನ್ನೋ ಪಿಕಪ್ಪನ್ನೋ ಕೇಳಿದಾಗ ಈ ಮಾತು ನೆನಪಿರಲಿ.

ಬಂದ ಸಾಮಾನೇ ಹೊರೆಯಾದಾಗ

ಕೊಡಗಿಗೆ ನಾಡಿನ ಮೂಲೆ ಮೂಲೆಯಿಂದ ಸಾಮಾನು ಹರಿದುಬಂತು. ಉತ್ತರ ಕರ್ನಾಟಕದ ತಾಯಂದಿರು ಜೋಳದ ರೊಟ್ಟಿ ಬಡಿದು ಕಳುಹಿಸಿದರು. ಅಷ್ಟು ದೂರದಿಂದ ಬಂದ ಆ ರೊಟ್ಟಿಗೆ ಬೆಲೆ ಕಟ್ಟಲಾಗದು. ಆದರೆ ಲಾರಿಗಳು ಒಟ್ಟಿಗೆ ಬಂದು ನಿಂತಾಗ ಇಳಿಸುವವರು ಯಾರು, ಇಡುವುದೆಲ್ಲಿ, ಬೇಗ ಕೆಡುವುದನ್ನು ಮೊದಲು ಹಂಚಬೇಕೆಂದು ನೋಡುವವರು ಯಾರು ಎಂಬ ಪ್ರಶ್ನೆಗಳು ಏಳುತ್ತವೆ. ಉತ್ತರವಿಲ್ಲದಿದ್ದರೆ ಪ್ರೀತಿಯಿಂದ ಕಳುಹಿಸಿದ ಅನ್ನವೇ ಮಳೆಯಲ್ಲಿ ಬೂಸಲು ಹಿಡಿಯುತ್ತದೆ.

ಹಳೆಯ ಬಟ್ಟೆಯ ಕಥೆ ಇನ್ನೂ ಕಷ್ಟದ್ದು. ೨೦೦೪ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆಯ ಬಟ್ಟೆಯ ರಾಶಿಗಳು ರಸ್ತೆ ಬದಿಯಲ್ಲಿ ಬಿದ್ದಿದ್ದವು. ಕೊಟ್ಟವರಿಗೆ ಕೊಟ್ಟ ಸಮಾಧಾನ ಸಿಕ್ಕಿತು, ಪಡೆಯಬೇಕಾದವರಿಗೆ ಅದು ಬೇಕಿರಲಿಲ್ಲ. ಮನೆ ಕಳೆದುಕೊಂಡವನಿಗೆ ಮಾನ ಹೋಗಿರುವುದಿಲ್ಲ ಎಂಬುದನ್ನು ಕೊಡುವವರು ಮರೆಯುತ್ತಾರೆ.

ಈ ತೊಂದರೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ೧೯೮೮ರ ಡಿಸೆಂಬರಿನಲ್ಲಿ ಅರ್ಮೇನಿಯದಲ್ಲಿ ಭೂಕಂಪವಾಯಿತು. ಅದು ನೆರೆಯಲ್ಲವಾದರೂ ಅದರ ಪಾಠ ಎಲ್ಲ ವಿಪತ್ತಿಗೂ ಸಲ್ಲುತ್ತದೆ. ಹೊರದೇಶಗಳು ಕನಿಷ್ಠ ೫,೦೦೦ ಟನ್ ಔಷಧಿ ಮತ್ತು ಆಸ್ಪತ್ರೆ ಸಾಮಗ್ರಿ ಕಳುಹಿಸಿದವು. ಬಂದದ್ದೇನು ಎಂದು ಗೊತ್ತು ಮಾಡಿಕೊಳ್ಳಲು ೫೦ ಜನರಿಗೆ ೬ ತಿಂಗಳು ಹಿಡಿಯಿತು. ವಿಂಗಡವಾಗಿ, ಹೆಸರು ತಿಳಿಯುವಂತೆ, ಆ ಹೊತ್ತಿಗೆ ಉಪಯೋಗವಾಗುವಂತೆ ಇದ್ದ ಔಷಧಿ ನೂರಕ್ಕೆ ೩೦ರಷ್ಟು. ಕೊನೆಗೆ ನೂರಕ್ಕೆ ೨೦ರಷ್ಟನ್ನು ನಾಶ ಮಾಡಬೇಕಾಯಿತು. ಗಾಯಾಳು ಒಂದು ಕಡೆ, ಮಾತ್ರೆ ಒಂದು ಕಡೆ, ನಡುವೆ ಬರೆಯದ ಪೆಟ್ಟಿಗೆಗಳ ಬೆಟ್ಟ.

ಬೆಳೆಗಾರರಿಗೆ ಇದು ಅರ್ಥವಾಗದ ವಿಷಯವೇ ಅಲ್ಲ. ಕ್ಯೂರಿಂಗ್ ಕಾರ್ಖಾನೆಗೆ ಸಾವಿರಾರು ಚೀಲ ಕಾಫಿ ಹೋಗುತ್ತದೆ. ಅಲ್ಲಿ ನಿಮ್ಮ ಹದಿನೈದು ಚೀಲ ಕಳೆದುಹೋಗುವುದಿಲ್ಲ. ಏಕೆಂದರೆ ಚೀಲದ ಮೇಲೆ ಗುರುತಿದೆ, ಲಾಟ್ ನಂಬರಿದೆ, ಬಾಗಿಲಲ್ಲಿ ತೂಕವಾಗಿದೆ, ಪುಸ್ತಕದಲ್ಲಿ ಬರೆದಿದೆ, ರಸೀತಿ ನಿಮ್ಮ ಕೈಲಿದೆ. ಕಾಫಿಗೆ ಇರುವ ಈ ಮರ್ಯಾದೆ ಸಂತ್ರಸ್ತರ ಅಕ್ಕಿಗೂ ಇರಬೇಕು ಎಂದರೆ ಹೆಚ್ಚು ಕೇಳಿದಂತಾಯಿತೇ?

ಪರಿಹಾರ ಕಾರ್ಯದ ಖರ್ಚಿನಲ್ಲಿ ನೂರಕ್ಕೆ ೬೦ರಿಂದ ೮೦ರಷ್ಟು ಸಾಗಾಟ, ದಾಸ್ತಾನು, ಹಂಚಿಕೆಗಳಿಗೇ ಹೋಗುತ್ತದೆಂದು ಈ ಕ್ಷೇತ್ರದಲ್ಲಿ ಅಧ್ಯಯನ ಮಾಡಿದವರು ಅಂದಾಜು ಮಾಡಿದ್ದಾರೆ. ಹೀಗಿರುವಾಗ ಆ ಭಾಗವನ್ನು ‘ಯಾರಾದರೂ ಹುಡುಗರು ನೋಡಿಕೊಳ್ಳುತ್ತಾರೆ’ ಎಂದು ಬಿಡುವುದು ಯಾವ ವ್ಯವಹಾರ?

ಜನ ಬೇಕು, ಆದರೆ ಯಾವ ಜನ?

ಮುನ್ನೂರು ಜನರ ಒಂದು ಶಿಬಿರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪರಿಹಾರ ಕಾರ್ಯಕ್ಕೆ ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ‘ಸ್ಫಿಯರ್’ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ ೧೫ ಲೀಟರ್ ನೀರು, ೨೦ ಜನರಿಗೆ ಒಂದು ಕಕ್ಕಸು, ತಲೆಗೆ ೩.೫ ಚದರ ಮೀಟರ್ ಸೂರಿನಡಿಯ ಜಾಗ ಬೇಕು. ಅಂದರೆ ದಿನಕ್ಕೆ ೪,೫೦೦ ಲೀಟರ್ ನೀರು, ೧೫ ಕಕ್ಕಸು, ೧,೦೫೦ ಚದರ ಮೀಟರ್ ಜಾಗ. ತಲೆಗೆ ೪೦೦ ಗ್ರಾಮಿನಂತೆ ಅಕ್ಕಿ ಹಿಡಿದರೆ ದಿನಕ್ಕೆ ೧೨೦ ಕಿಲೋ, ಹತ್ತು ದಿನಕ್ಕೆ ೧೨ ಕ್ವಿಂಟಾಲು. ನಮ್ಮ ಊರಿನ ಶಾಲೆಗಳಲ್ಲಿ ಹದಿನೈದು ಕಕ್ಕಸು ಎಷ್ಟು ಕಡೆ ಇದೆ? ಈ ಪ್ರಶ್ನೆಯನ್ನು ಬಿಸಿಲಿರುವಾಗ ಕೇಳಿಕೊಂಡರೆ ಉತ್ತರ ಹುಡುಕಬಹುದು. ಮಳೆಯಲ್ಲಿ ಕೇಳಿದರೆ ಹೆಂಗಸರು ಕತ್ತಲಾಗುವವರೆಗೆ ಕಾಯಬೇಕಾಗುತ್ತದೆ.

ಇಷ್ಟನ್ನು ನಡೆಸಲು ಎಂಥ ಜನ ಬೇಕು? ಹಗ್ಗ ಹಿಡಿದು ಹೊಳೆಗೆ ಇಳಿಯುವವರು ಬೇಕು, ನಿಜ. ಆದರೆ ಅವರಿಗಿಂತ ಹೆಚ್ಚು ದಿನ ಬೇಕಾಗುವವರು ಬೇರೆ. ಅಡಿಗೆಯವರು, ಉಗ್ರಾಣದಲ್ಲಿ ಕೂತು ಬರೆಯುವವರು, ಘಾಟಿಯ ತಿರುವು ಬಲ್ಲ ಚಾಲಕರು, ಔಷಧಿ ಅಂಗಡಿಯ ಕೆಲಸ ಗೊತ್ತಿರುವವರು, ವಿದ್ಯುತ್ ಕೆಲಸದವರು, ಪಂಪು ರಿಪೇರಿಯವರು, ಹಾವು ಹಿಡಿಯುವವರು. ೨೦೧೮ರ ಆಗಸ್ಟ್ ಕೊನೆಯಲ್ಲಿ ಕೇರಳದ ಕುಟ್ಟನಾಡಿನಲ್ಲಿ ನೀರಿಳಿದ ಮನೆಗಳನ್ನು ಶುಚಿ ಮಾಡಲು ಸಾವಿರಾರು ಜನ ಇಳಿದಾಗ ಅವರೊಡನೆ ಬಡಗಿಗಳು, ನಲ್ಲಿ ಕೆಲಸದವರು, ಎಲೆಕ್ಟ್ರಿಶಿಯನರು, ಹಾವಾಡಿಗರೂ ಇದ್ದರು. ಯೋಚಿಸಿ ಜೋಡಿಸಿದ ತಂಡವೆಂದರೆ ಅದು. ಅದೇ ರಾಜ್ಯದಲ್ಲಿ ಕುಟುಂಬಶ್ರೀ ಸಂಘಗಳ ಹೆಂಗಸರು ಕೆಸರು ತುಂಬಿದ ಮನೆಗಳನ್ನು ತೊಳೆಯಲು ಊರೂರಿನಲ್ಲಿ ಮುಂದಾದರು. ಹೊಸದಾಗಿ ಯಾರನ್ನೂ ಹುಡುಕಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಸಭೆ ಸೇರಿ, ಉಳಿತಾಯದ ಲೆಕ್ಕ ಬರೆದು ಅಭ್ಯಾಸವಿದ್ದ ಗುಂಪುಗಳು ಅವು. ಇದ್ದ ಸಂಘಟನೆಯೇ ಕಷ್ಟಕಾಲಕ್ಕೆ ಒದಗಿತು.

ಕೆಸರಿನಲ್ಲಿ ಇಳಿಯುವವರ ಆರೋಗ್ಯದ ಮಾತೂ ಇದೆ. ಆ ವರ್ಷ ನೀರಿಳಿದ ಮೇಲೆ ಕೇರಳದಲ್ಲಿ ಇಲಿಜ್ವರ ಎದ್ದಿತು. ಅದಕ್ಕೆ ಮುನ್ನೆಚ್ಚರಿಕೆಯಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದರು. ಸೇವೆಗೆ ಹೋಗುವವನಿಗೆ ಗಂಬೂಟು, ಕೈಗವಸು, ವೈದ್ಯರು ಹೇಳಿದ ಮಾತ್ರೆ ಕೊಡದೆ ಕಳುಹಿಸುವುದು ಸೇವೆಯಲ್ಲ, ಅವನನ್ನೇ ರೋಗಿಯಾಗಿ ಮಾಡುವ ದಾರಿ.

ಇನ್ನೊಂದು ವಿಷಯ ಸರದಿ. ಮೊದಲ ಮೂರು ದಿನ ಜನ ಜಾಸ್ತಿ, ಮೂರನೆಯ ವಾರ ಯಾರೂ ಇಲ್ಲ. ಇದು ಎಲ್ಲ ಊರಿನ ಅನುಭವ. ಮೊದಲ ದಿನ ನಿದ್ದೆಗೆಟ್ಟವರೇ ನಾಲ್ಕನೆಯ ದಿನವೂ ಲಾರಿ ಇಳಿಸುತ್ತಾರೆ, ಲೆಕ್ಕ ತಪ್ಪುತ್ತಾರೆ, ಜಗಳವಾಡುತ್ತಾರೆ, ಮನೆಗೆ ಹೋಗಿ ಮಲಗುತ್ತಾರೆ. ಆದರೆ ಸಂತ್ರಸ್ತರ ಕಷ್ಟ ಮೂರು ದಿನದ್ದಲ್ಲ. ಕೊಡಗಿನ ಕೆಲವು ಶಿಬಿರಗಳು ತಿಂಗಳುಗಟ್ಟಲೆ ನಡೆದವು. ಜಂಬೂರು, ಮದೆನಾಡುಗಳಲ್ಲಿ ಹೊಸ ಮನೆಗಳು ಕೈ ಸೇರುವ ಹೊತ್ತಿಗೆ ೨೦೨೦ ಬಂದಿತ್ತು. ಕೊಯ್ಲಿನಲ್ಲಿ ಆಳುಗಳನ್ನೆಲ್ಲ ಮೊದಲ ವಾರವೇ ದಣಿಸಿಬಿಟ್ಟರೆ ಎರಡನೆಯ ಸುತ್ತಿನ ಹಣ್ಣು ಉದುರಿಹೋಗುತ್ತದೆಂದು ಬಲ್ಲ ನಮಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ನೂರು ಜನ ಒಂದೇ ದಿನ ಬರುವುದಕ್ಕಿಂತ ದಿನಕ್ಕೆ ಹತ್ತು ಜನರಂತೆ ಹತ್ತು ದಿನ ಬರುವುದು ಮೇಲು.

ಪಟ್ಟಿಯಲ್ಲಿಲ್ಲದವರು

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನು ಬರುತ್ತದೆ. ೨೦೨೦ರ ಆಗಸ್ಟ್ ೬ರ ರಾತ್ರಿ ಕೇರಳದ ಇಡುಕ್ಕಿ ಜಿಲ್ಲೆಯ ಪೆಟ್ಟಿಮುಡಿಯಲ್ಲಿ ಚಹ ತೋಟದ ಲೈನ್ ಮನೆಗಳ ಮೇಲೆ ಗುಡ್ಡ ಬಿತ್ತು. ೭೦ ಜನ ಹೋದರು. ಸುದ್ದಿ ಹೊರಗೆ ಮುಟ್ಟಿದ್ದು ಮಾರನೆಯ ಬೆಳಿಗ್ಗೆ. ೨೦೨೪ರ ಜುಲೈ ೩೦ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಕಾಣೆಯಾದವರು ಯಾರು ಯಾರು ಎಂದು ತಿಳಿಯಲು ರೇಷನ್ ಕಾರ್ಡು, ಮತದಾರರ ಪಟ್ಟಿ, ಇತರ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿ ಪಟ್ಟಿ ತಯಾರಿಸಬೇಕಾಯಿತು. ಎರಡೂ ಕಡೆ ತೋಟಗಳೇ. ಎರಡೂ ಕಡೆ ದುಡಿಯುವವರ ಮನೆಗಳೇ.

ನಮ್ಮ ತೋಟಗಳಲ್ಲಿ ಈಗ ದುಡಿಯುವವರು ಯಾರು? ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕುಟುಂಬಗಳೂ ಇವೆ. ಅವರ ರೇಷನ್ ಕಾರ್ಡು ಅವರ ಊರಿನಲ್ಲಿ. ಮತದಾರರ ಪಟ್ಟಿಯಲ್ಲಿ ಇಲ್ಲಿ ಅವರ ಹೆಸರಿಲ್ಲ. ಮಕ್ಕಳು ಶಾಲೆಗೆ ಸೇರಿರುತ್ತವೆಂಬ ಖಾತ್ರಿಯಿಲ್ಲ. ಅವರ ಹೆಸರು ಇರುವ ಜಾಗ ಒಂದೇ, ತೋಟದ ರೈಟರು ಬರೆಯುವ ಹಾಜರಿ ಪುಸ್ತಕ. ಅದರಲ್ಲೂ ದುಡಿಯುವವನ ಹೆಸರು ಮಾತ್ರ. ಹೆಂಡತಿ ಮಕ್ಕಳದ್ದಿಲ್ಲ. ಸಣ್ಣ ಹಿಡುವಳಿದಾರರಲ್ಲಿ ಅನೇಕರಿಗೆ ರೈಟರೂ ಇಲ್ಲ, ಪುಸ್ತಕವೂ ಇಲ್ಲ. ಮೇಸ್ತ್ರಿಯ ಬಾಯಿಲೆಕ್ಕ.

ಗುಡ್ಡ ಬಿದ್ದ ರಾತ್ರಿ ಆ ಮನೆಯಲ್ಲಿ ಎಷ್ಟು ಜನ ಮಲಗಿದ್ದರು ಎಂದು ರಕ್ಷಣೆಗೆ ಬಂದವರು ಕೇಳಿದರೆ ಮಾಲೀಕನಾದವನು ಏನು ಹೇಳುತ್ತಾನೆ? ‘ಏಳೋ ಎಂಟೋ’ ಎಂದರೆ, ಆ ‘ಓ’ಕಾರದ ನಡುವೆ ಒಂದು ಜೀವವಿದೆ. ಏಳು ಜನ ಸಿಕ್ಕಿದರೆಂದು ಅಗೆಯುವುದನ್ನು ನಿಲ್ಲಿಸಿ ಬೇರೆಡೆಗೆ ಹೋಗಬಹುದು. ಪರಿಹಾರದ ದಿನ ಆ ಎಂಟನೆಯವನ ತಾಯಿಗೆ ದಾಖಲೆ ತೋರಿಸಲು ಏನೂ ಇರುವುದಿಲ್ಲ. ಹೆಸರು ಬರೆದಿಡುವುದಕ್ಕೆ ಖರ್ಚು ಒಂದು ನೋಟ್ ಪುಸ್ತಕ. ಇದನ್ನು ಯಾವ ಸರಕಾರವೂ ನಮ್ಮ ಪರವಾಗಿ ಮಾಡಲಾರದು.

ಸಂಘದ ಕೈಯಲ್ಲಿ ಏನಿದೆ?

ಈಗ ನಮ್ಮ ಸಂಘವನ್ನು ನೋಡಿ. ಗೋದಾಮಿದೆ. ತೂಕದ ಕಾಂಟಾ ಇದೆ. ಸ್ಟಾಕ್ ಬುಕ್, ರಸೀತಿ, ಚಲನ್ ಬರೆಯಲು ಬಲ್ಲ ಗುಮಾಸ್ತರಿದ್ದಾರೆ. ಸದಸ್ಯರ ವಿಳಾಸವಿರುವ ರಿಜಿಸ್ಟರಿದೆ. ಯಾರ ಮನೆಗೆ ಲಾರಿ ಹೋಗುತ್ತದೆ, ಯಾರ ಮನೆಗೆ ಜೀಪು ಮಾತ್ರ, ಯಾರ ಮನೆಗೆ ಹೊರೆಯೇ ಗತಿ ಎಂದು ಗೊಬ್ಬರ ಸಾಗಿಸಿದವರಿಗೆ ಗೊತ್ತಿದೆ. ಕಾಫಿ ವ್ಯಾಪಾರದ ಭರಾಟೆ ಬೇಸಿಗೆಯೊಡನೆ ಇಳಿದಿರುವುದರಿಂದ ಆಗಸ್ಟಿನಲ್ಲಿ ಗೋದಾಮಿನಲ್ಲಿ ಜಾಗವೂ, ಸಿಬ್ಬಂದಿಗೆ ಬಿಡುವೂ ಸ್ವಲ್ಪ ಇರುತ್ತದೆ. ದೊಡ್ಡ ದೊಡ್ಡ ಪರಿಹಾರ ಸಂಸ್ಥೆಗಳು ಹೊರಗಿನಿಂದ ಬಂದು ಹುಡುಕುವುದು ಇವನ್ನೇ. ನಮ್ಮಲ್ಲಿ ಇವೆಲ್ಲ ಇದ್ದೂ ನೆರೆಯ ದಿನ ಸಂಘದ ಬಾಗಿಲಿಗೆ ಬೀಗವಿರುತ್ತದೆ.

ಒಂದು ಎಚ್ಚರಿಕೆ. ಗೊಬ್ಬರ, ಮೈಲುತುತ್ತು, ಕೀಟನಾಶಕ ಇಟ್ಟ ಗೋದಾಮಿನಲ್ಲಿ ಅಕ್ಕಿ ಇಡಬಾರದು. ಪಕ್ಕದ ಕೋಣೆ, ಅದಿಲ್ಲದಿದ್ದರೆ ಕಾಫಿ ಕಣಕ್ಕೆ ಟಾರ್ಪಾಲು ಹೊದಿಸಿದ ಚಪ್ಪರ ಆದೀತು. ನೆಲದ ತೇವ ತಾಗದಂತೆ ಹಲಗೆ ಹಾಸಬೇಕು.

ಗಡಿ ದಾಟಿ ಕೆಲಸ ಮಾಡುವುದೂ ಸಹಕಾರಕ್ಕೆ ಹೊಸದಲ್ಲ. ಅಡಿಕೆಯ ಧಾರಣೆ ಬಿದ್ದು ಬೆಳೆಗಾರ ಕಂಗಾಲಾಗಿದ್ದ ಕಾಲದಲ್ಲಿ, ೧೯೭೩ರಲ್ಲಿ, ಕರ್ನಾಟಕ ಕೇರಳಗಳ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ಅಡಿಕೆಗೆ ಎರಡು ರಾಜ್ಯ ಒಂದಾಗಬಹುದಾದರೆ ಘಾಟಿಯ ಮೇಲಿನ ಸಂಘ, ಘಾಟಿಯ ಕೆಳಗಿನ ಸಂಘ ಒಂದು ಒಪ್ಪಂದ ಮಾಡಿಕೊಳ್ಳಲು ಏನು ಅಡ್ಡಿ? ‘ರಸ್ತೆ ಮುಚ್ಚಿದರೆ ನಿಮ್ಮ ಕಡೆ ಇಳಿದುಬಂದ ನಮ್ಮ ಸದಸ್ಯರನ್ನೂ ಅವರ ಕೆಲಸಗಾರರನ್ನೂ ನೀವು ಬರೆದುಕೊಳ್ಳಿ, ನಿಮ್ಮವರನ್ನು ನಾವು ಬರೆದುಕೊಳ್ಳುತ್ತೇವೆ’ ಎಂಬ ಒಂದು ಪತ್ರ ಸಾಕು.

ಕೆಲವು ಆಕ್ಷೇಪಗಳು

‘ಇದು ಸರಕಾರದ ಕೆಲಸ, ಸಂಘಕ್ಕೇಕೆ?’ ಎಂದು ಕೇಳುವವರಿದ್ದಾರೆ. ಸರಕಾರದ ಕೆಲಸವೇ ಹೌದು. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ೨೦೧೦ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಾರ್ಯಾಚರಣೆ, ಯೋಜನೆ, ಸಾಗಾಟ-ಸರಬರಾಜು ಎಂದು ಮೂರು ವಿಭಾಗ ಮಾಡಿ ಒಬ್ಬ ಅಧಿಕಾರಿಯ ಕೆಳಗೆ ತಂದಿದ್ದಾರೆ. ಅದನ್ನು ಮೀರಿ ನಾವು ಬೇರೆ ಅಂಗಡಿ ತೆರೆಯಬೇಕೆಂದು ಇಲ್ಲಿ ಹೇಳುತ್ತಿಲ್ಲ. ಬೇರೆ ಅಂಗಡಿ ತೆರೆದರೆ ಗೊಂದಲ ಹೆಚ್ಚುತ್ತದೆ. ಹೇಳುತ್ತಿರುವುದು, ಆ ವ್ಯವಸ್ಥೆಯ ತುದಿ ನಮ್ಮ ಊರಿನವರೆಗೆ ಬರುವುದಿಲ್ಲ, ಬರುವ ಹೊತ್ತಿಗೆ ಎರಡು ದಿನವಾಗಿರುತ್ತದೆ, ಆ ಎರಡು ದಿನ ನಡೆಸಬೇಕಾದವರು ನಾವು ಎಂದು. ಗ್ರಾಮದ ಕಂದಾಯ ಸಿಬ್ಬಂದಿ, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಇದೇ ಊರಿನವರಾದರೆ ಅವರ ಮನೆಯೂ ಮುಳುಗಿರುತ್ತದೆ. ಅವರೂ ಮನುಷ್ಯರೇ. ವಯನಾಡಿನಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಗಲಿರುಳು ದುಡಿದು ೧೯೦ ಅಡಿಯ ಬೇಲಿ ಸೇತುವೆಯನ್ನು ಆಗಸ್ಟ್ ೧ರ ಸಂಜೆಗೆ ಮುಗಿಸಿದರು. ಅದಕ್ಕಿಂತ ಬೇಗ ಯಾರು ತಾನೆ ಮಾಡಿಯಾರು? ಆದರೂ ಗುಡ್ಡ ಬಿದ್ದು ಮೂರನೆಯ ದಿನವಾಗಿತ್ತು.

‘ಸಂಘದ ಹಣ ಇದಕ್ಕೆ ಖರ್ಚು ಮಾಡಿದರೆ ಲೆಕ್ಕ ಪರಿಶೋಧಕರು ಕೇಳುತ್ತಾರೆ’ ಎಂಬ ಮಾತು ಎರಡನೆಯದು. ಕೇಳಲೇಬೇಕು. ಆದ್ದರಿಂದ ಸಂಘ ಕೊಡಬೇಕಾದದ್ದು ಹಣವಲ್ಲ, ಜಾಗ, ಕಾಂಟಾ, ಪುಸ್ತಕ ಮತ್ತು ಸಿಬ್ಬಂದಿಯ ಕೆಲವು ದಿನ. ಇದಕ್ಕೆ ಮಹಾಸಭೆಯ ಠರಾವು ಮೊದಲೇ ಆಗಿದ್ದರೆ ಯಾರಿಗೂ ಮುಜುಗರವಿಲ್ಲ. ದಾನದ ಸಾಮಾನಿಗೆ ಬೇರೆ ಪುಸ್ತಕ, ಬೇರೆ ರಸೀತಿ. ಗೋದಾಮು ಅಥವಾ ವಾಹನವನ್ನು ಸರಕಾರ ಬಳಕೆಗೆ ವಶಕ್ಕೆ ಪಡೆದರೆ ಅದಕ್ಕೆ ಪರಿಹಾರ ಕೊಡಬೇಕೆಂದು ಮೇಲೆ ಹೇಳಿದ ಕಾಯಿದೆಯಲ್ಲೇ ಇದೆ. ಆದ್ದರಿಂದ ಲಿಖಿತ ಆದೇಶ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯ ಆಕ್ಷೇಪ ಬಾಯಿಬಿಟ್ಟು ಹೇಳದ್ದು, ಆದರೆ ಎಲ್ಲರ ಮನಸ್ಸಿನಲ್ಲಿರುವುದು. ಹಂಚುವ ಕೆಲಸ ಕೈಗೆತ್ತಿಕೊಂಡರೆ ಪಕ್ಷ, ಜಾತಿ, ಬೇಕಾದವರು, ಬೇಡದವರು ಎಂಬ ಮಾತು ಬರುತ್ತದೆ, ಸಂಘದ ಹೆಸರು ಕೆಡುತ್ತದೆ ಎಂಬ ಹೆದರಿಕೆ. ಹೆದರಿಕೆ ಸುಳ್ಳಲ್ಲ. ಇದಕ್ಕೆ ಮದ್ದು ಒಂದೇ, ಬಹಿರಂಗ ಲೆಕ್ಕ. ಬಂದದ್ದೆಷ್ಟು, ಹೋದದ್ದೆಷ್ಟು, ಎಲ್ಲಿಗೆ, ಉಳಿದದ್ದೆಷ್ಟು ಎಂದು ಪ್ರತಿ ಸಂಜೆ ಸಂಘದ ಫಲಕದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಅಡಿಕೆ ಧಾರಣೆಯನ್ನು ಹಾಗೆ ಬರೆಯುತ್ತೇವಲ್ಲ? ಧಾರಣೆ ಮುಚ್ಚಿಟ್ಟ ವ್ಯಾಪಾರಿಯ ಮೇಲೆ ಬರುವ ಅನುಮಾನ, ಬರೆದು ತೂಗುಹಾಕಿದವನ ಮೇಲೆ ಬರುವುದಿಲ್ಲ.

ಮಳೆ ಹಿಡಿಯುವ ಮುಂಚೆ ಮಾಡಬಹುದಾದದ್ದು

ಸದಸ್ಯರ ಪರಿಶೀಲನೆಗಾಗಿ ಈ ಸಲಹೆಗಳು:

೧. ನಾಲ್ಕು ಹೊಣೆಗಳನ್ನು ನಾಲ್ವರಿಗೆ ಹೆಸರು ಹಿಡಿದು ವಹಿಸುವುದು. ಉಗ್ರಾಣ, ವಾಹನ, ಹೆಸರುಪಟ್ಟಿ, ತಾಲೂಕು ಕಚೇರಿಯೊಡನೆ ಸಂಪರ್ಕ. ಪ್ರತಿಯೊಬ್ಬರಿಗೂ ಒಬ್ಬ ಬದಲಿ. ಆ ಇಬ್ಬರ ಮನೆ ಹೊಳೆಯ ಒಂದೇ ದಡದಲ್ಲಿ ಇರದಿರಲಿ.

೨. ಪ್ರತಿ ಬೆಳೆಗಾರನೂ ತನ್ನ ಮನೆಯಲ್ಲೂ ಲೈನಿನಲ್ಲೂ ಇರುವ ಎಲ್ಲರ ಹೆಸರು, ವಯಸ್ಸು, ಊರು, ಕಾಯಿಲೆಯಿದ್ದರೆ ನಿತ್ಯದ ಔಷಧಿ ಬರೆದು ಒಂದು ಪ್ರತಿ ಸಂಘಕ್ಕೆ ಕೊಡುವುದು. ಆಳುಗಳು ಬಂದಾಗ ಹೋದಾಗ ತಿದ್ದುವುದು. ಕಂಪ್ಯೂಟರಿನಲ್ಲಿ ಇಟ್ಟರೂ ಸರಿಯೇ, ಆದರೆ ಕಾಗದದ ಪ್ರತಿ ಇರಲೇಬೇಕು. ಕರೆಂಟು ಹೋಗಿ ಟವರು ಸತ್ತ ದಿನ ಫೋನಿನೊಳಗಿನ ಪಟ್ಟಿಗೆ ಬೆಲೆಯಿಲ್ಲ. ಈ ಪಟ್ಟಿ ಕಪಾಟಿನಲ್ಲಿ ಬೀಗದೊಳಗೆ ಇರಬೇಕು, ಬೇರೆ ಯಾವುದಕ್ಕೂ ಬಳಸಬಾರದು.

೩. ಜೀಪು, ಪಿಕಪ್ಪ, ಟ್ರ್ಯಾಕ್ಟರು, ಮರ ಕೊಯ್ಯುವ ಯಂತ್ರ, ಜನರೇಟರು, ಹಗ್ಗ, ಟಾರ್ಪಾಲು ಯಾರ ಬಳಿ ಇವೆ, ಓಡಿಸಬಲ್ಲವರು ಯಾರು ಎಂದು ಬರೆದಿಡುವುದು. ಇಂಧನದ ಖರ್ಚು, ದುರಸ್ತಿಯ ಹೊಣೆ ಯಾರದೆಂದು ಮೊದಲೇ ಗೊತ್ತು ಮಾಡುವುದು.

೪. ಬಂದ ಪ್ರತಿ ಮೂಟೆಯ ಮೇಲೆ ಒಳಗೇನಿದೆ, ಎಷ್ಟು, ಎಲ್ಲಿಂದ, ಯಾವ ದಿನ ಎಂದು ಬರೆಯದೆ ಒಳಗೆ ಬಿಡದಿರುವುದು. ಬೇಗ ಕೆಡುವುದು ಮೊದಲು ಹೊರಡಬೇಕು.

೫. ಕೇಳದ ಸಾಮಾನು ಕಳುಹಿಸದಿರುವುದು. ಬೇರೆ ಊರಿಗೆ ನೆರೆ ಬಂದಾಗ ನಾವೂ ಈ ನಿಯಮಕ್ಕೆ ಕಟ್ಟುಬೀಳುವುದು. ಮೊದಲು ವಿಚಾರಿಸಿ, ಬೇಕೆಂದದ್ದನ್ನು ಮಾತ್ರ ಕಳುಹಿಸಿ. ಏನೂ ತೋಚದಿದ್ದರೆ ಹಣವೇ ಉತ್ತಮ, ಅದಕ್ಕೆ ಲಾರಿಯೂ ಬೇಡ, ಗೋದಾಮೂ ಬೇಡ.

೬. ಶಿಬಿರವಾಗಬಹುದಾದ ಶಾಲೆ, ಸಮುದಾಯ ಭವನಗಳ ನೀರು, ಕಕ್ಕಸು, ಅಡಿಗೆ ಪಾತ್ರೆಗಳನ್ನು ಸ್ತ್ರೀಶಕ್ತಿ ಸಂಘದವರೊಡನೆ ಹೋಗಿ ನೋಡಿಬರುವುದು. ಹೆಂಗಸರಿಗೆ ಏನು ಬೇಕೆಂದು ಗಂಡಸರೇ ಕೂತು ತೀರ್ಮಾನಿಸಿದರೆ ಅರ್ಧ ಪಟ್ಟಿ ಬಿಟ್ಟುಹೋಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ಸರಕಾರದ ಮಂಜೂರಾತಿ ಬೇಕಿಲ್ಲ, ದೊಡ್ಡ ಮೊತ್ತವೂ ಬೇಕಿಲ್ಲ. ಬೇಕಾದದ್ದು ಒಂದು ಮಧ್ಯಾಹ್ನದ ಸಭೆ ಮತ್ತು ಕೆಲವು ಪುಸ್ತಕಗಳು. ಮಳೆ ಎಷ್ಟು ಬರಬೇಕೆಂದು ನಾವು ಹೇಳಲಾರೆವು. ಗುಡ್ಡ ಎಲ್ಲಿ ಜರಿಯುತ್ತದೆಂದೂ ಹೇಳಲಾರೆವು. ಜರಿದ ಗುಡ್ಡದ ಕೆಳಗೆ ಎಷ್ಟು ಜನರಿದ್ದರು, ಅವರ ಹೆಸರೇನು ಎಂದು ಹೇಳುವಷ್ಟಾದರೂ ನಮ್ಮ ಕೈಯಲ್ಲಿದೆ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲೆಂದು ಸದಸ್ಯ ಬಂಧುಗಳು ಲಿಖಿತವಾಗಿ ಕೇಳಬೇಕು. ಅದಕ್ಕೆ ಮುಂಚೆ, ಈ ಸಂಚಿಕೆ ಓದಿ ಮುಗಿಸಿದ ದಿನವೇ, ಒಂದು ನೋಟ್ ಪುಸ್ತಕ ತೆಗೆದು ತಮ್ಮ ತೋಟದಲ್ಲಿ ಇಂದು ರಾತ್ರಿ ಮಲಗುವವರ ಹೆಸರುಗಳನ್ನು ಬರೆಯಬೇಕೆಂದು ಕೋರಿಕೆ.